ಕಾರ್ಡನ್ನು ಅಡ್ಡ ತಿರುಗಿಸಿದಾಗ

ಮೇಷ್ಟ್ರ ಮನೆಯ ಅಟ್ಟದ ಮೇಲೆ ಏನೇನಿದೆ ಎಂಬುದು ಮೇಷ್ಟ್ರಿಗೆ ಗೊತ್ತಿರುವುದಿಲ್ಲ, ಅವರ ಮನೆಯಾಕೆಗೆ ಗೊತ್ತಿರುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರು "ಈ ಸಲ ಆ ಟ್ರಂಕು ಕೆಳಗಿಳಿಯಲೇಬೇಕು" ಎಂದು ಪಟ್ಟು ಹಿಡಿದರು. ಇಳಿಸಿದ್ದಾಯಿತು. ಒಳಗೆ ನಾನು ಬಿ.ಎಡ್. ಓದುವಾಗ ಬರೆದ ಪಾಠಯೋಜನೆಗಳು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಟ್ಟುಕೊಂಡಿದ್ದ ಅಂಕಪಟ್ಟಿಯ ಪುಸ್ತಕಗಳು, ಮೂತಿ ಒಡೆದ ಒಂದು ಬ್ಯೂರೆಟ್ಟು, ಅಡಿಯಲ್ಲಿ ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬ.

ಡಬ್ಬದ ಮುಚ್ಚಳ ಎಬ್ಬಿಸಿದ ಮಗಳು, "ಅಪ್ಪಾ, ನೀವು ಇಸ್ಪೀಟು ಆಡ್ತಿದ್ರಾ?" ಎಂದು ಕಣ್ಣರಳಿಸಿದಳು.

ಇಸ್ಪೀಟಲ್ಲ. ನಾನು ಸಾಲಿಗ್ರಾಮಕ್ಕೆ ಮೇಷ್ಟ್ರಾಗಿ ಬಂದದ್ದು 1993ರಲ್ಲಿ. ಊರಿಗೆ ಕೇಬಲ್ ಟಿ.ವಿ. ಬಂದ ಕಾಲ. ಅದರ ಹಿಂದೆಯೇ ಹುಡುಗರ ಕೈಗೆ ಟ್ರಂಪ್ ಕಾರ್ಡುಗಳು ಬಂದವು. ಕುಸ್ತಿಯವರದೊಂದು ಜಾತಿ, ಕ್ರಿಕೆಟ್ಟಿನವರದೊಂದು ಜಾತಿ. ಹಲ್ಕ್ ಹೋಗನ್ನನ ಎತ್ತರ ಎಷ್ಟು, ಅಂಡರ್‌ಟೇಕರನ ತೂಕ ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ ಹುಡುಗ, ನೀರಿನ ಸಾಂದ್ರತೆ ಎಷ್ಟು ಎಂದರೆ ಸೂರು ನೋಡುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ಲ, ಅದು ಮುಗಿದ ವಾರವಂತೂ ತರಗತಿಯ ಹಿಂದಿನ ಬೆಂಚುಗಳಲ್ಲಿ ಕಾರ್ಡಿನದೇ ಕಾರುಬಾರು. ಪಾಠದ ನಡುವೆ ಸಿಕ್ಕ ಕಾರ್ಡನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಳ್ಳುವುದು, "ನಿಮ್ಮಪ್ಪನ್ನ ಕರ್ಕೊಂಡು ಬಾ, ಕೊಡ್ತೀನಿ" ಎನ್ನುವುದು ನನ್ನ ಕ್ರಮ. ಅಪ್ಪನನ್ನು ಯಾರು ಕರೆದುಕೊಂಡು ಬರುತ್ತಾರೆ? ಸಂಜೆ ಮನೆಗೆ ಬಂದು ಕಾರ್ಡುಗಳನ್ನು ಡಬ್ಬಕ್ಕೆ ಹಾಕುತ್ತಿದ್ದೆ. ವರ್ಷದ ಕೊನೆಗೆ ಹಿಂದಿರುಗಿಸಬೇಕೆಂದು ಅಂದುಕೊಂಡದ್ದು ನಿಜ. ಮೊದಮೊದಲು ಒಂದೊಂದು ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕಿ, ತರಗತಿ, ತಿಂಗಳು ಬರೆದ ಚೀಟಿ ಸಿಕ್ಕಿಸಿದ್ದೂ ನಿಜ. ಹಿಂದಿರುಗಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಆ ರಬ್ಬರ್ ಬ್ಯಾಂಡುಗಳ ಗತಿ ನೋಡಬೇಕಿತ್ತು. ಗಾಳಿಯಲ್ಲಿರುವ ಆಮ್ಲಜನಕ ರಬ್ಬರಿನ ಉದ್ದನೆಯ ಅಣುಗಳನ್ನು ವರ್ಷಗಟ್ಟಲೆ ನಿಧಾನವಾಗಿ ತುಂಡರಿಸುತ್ತದೆ. ಬ್ಯಾಂಡು ಮೊದಲು ಅಂಟಂಟಾಗಿ, ಆಮೇಲೆ ಒಣಗಿ ಕಾರ್ಡಿಗೇ ಕಚ್ಚಿಕೊಂಡು ಕಂದುಗೆರೆ ಎಳೆದಿತ್ತು. ಮಕ್ಕಳೇ, ಇಟ್ಟುಕೊಳ್ಳಬೇಕೆನ್ನುವ ಯಾವ ಕಾಗದಕ್ಕೂ ರಬ್ಬರ್ ಬ್ಯಾಂಡು ಹಾಕಬೇಡಿ. ನಾನು ವಿಜ್ಞಾನದ ಮೇಷ್ಟ್ರಾಗಿದ್ದೂ ಹಾಕಿದ್ದೆ.

ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಮೊಬೈಲಿನಲ್ಲಿ ಹುಡುಕಿ, "ಅಪ್ಪಾ, ಇಂಥವನ್ನ ಆನ್‌ಲೈನ್ ಹರಾಜಿನಲ್ಲಿ ಮಾರ್ತಾರೆ, ಕೊಳ್ಳೋರೂ ಇದಾರೆ" ಎಂದಳು. ನಮ್ಮ ದೇಶದಲ್ಲಿ ಇಂಥ ಹರಾಜು ಹೊಸದೇನಲ್ಲ. ಬಾಝೀ ಡಾಟ್ ಕಾಮ್ ಎಂಬ ಇಲ್ಲಿನ ಹರಾಜು ತಾಣವನ್ನು ಅಮೆರಿಕದ ಇಬೇ 2004ರಲ್ಲೇ ಕೊಂಡಿತ್ತು, 2018ರಲ್ಲಿ ಇಬೇಯ ಭಾರತದ ಅಂಗಡಿ ಮುಚ್ಚಿತು. ಈಗ ಬೇರೆ ಬೇರೆ ಕಡೆ ವ್ಯವಹಾರ ನಡೆಯುತ್ತದೆ. ಎಲ್ಲಿ ನಡೆದರೂ ಒಂದು ಮಾತು ಒಂದೇ: ಕೊಳ್ಳುವವನು ವಸ್ತುವನ್ನು ಮುಟ್ಟಿ ನೋಡಲಾರ. ಅವನಿಗೆ ಸಿಗುವುದು ನಾವು ತೋರಿಸಿದ ಚಿತ್ರ ಮಾತ್ರ.

ಮೊದಲು ಅವಳು ಮೊಬೈಲಿನಲ್ಲೇ ತೆಗೆದಳು. ಕಾರ್ಡಿನ ಮೆರುಗಿನ ಮೇಲೆ ಟ್ಯೂಬ್‌ಲೈಟು ಕೂತಿತು, ಕೈ ಓರೆಯಾಗಿ ಆಯತ ಹೋಗಿ ತ್ರಾಪಿಜ್ಯವಾಯಿತು. "ಪ್ರಿಂಟರಿನಲ್ಲಿ ಸ್ಕ್ಯಾನರ್ ಇದೆಯಲ್ಲ" ಎಂದೆ. ಪ್ರಶ್ನೆಪತ್ರಿಕೆ ಅಚ್ಚು ಹಾಕಲೆಂದು ಕೊಂಡ ಯಂತ್ರ. ಅದರ ಗಾಜಿನ ಮುಚ್ಚಳವನ್ನು ನಾವು ಎತ್ತಿದ್ದೇ ಕಡಿಮೆ.

ಸ್ಕ್ಯಾನರಿನ ಕೆಲಸ ಸರಳವಾದದ್ದು. ಗಾಜಿನ ಕೆಳಗೆ ಒಂದು ದೀಪದ ಪಟ್ಟಿ ಚಲಿಸುತ್ತದೆ. ಅದರ ಜೊತೆಯಲ್ಲೇ ಬೆಳಕನ್ನು ಅಳೆಯುವ ಸಣ್ಣ ಸಣ್ಣ ಸಂವೇದಕಗಳ ಒಂದು ಸಾಲು. ಎತ್ತು ಹೊಲ ಉಳುವ ಹಾಗೆ ಒಂದು ಗೆರೆಯಾದ ಮೇಲೆ ಇನ್ನೊಂದು ಗೆರೆ. ಪ್ರತಿ ಚುಕ್ಕೆಯಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂಬ ಮೂರು ಸಂಖ್ಯೆ. ಚಿತ್ರವೆಂದರೆ ಅಷ್ಟೇ, ಸಂಖ್ಯೆಗಳ ಗದ್ದೆ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬಾತ ಮೊಟ್ಟಮೊದಲ ಬಾರಿಗೆ ಕಂಪ್ಯೂಟರಿಗೆ ಹೀಗೆ ಚಿತ್ರ ಉಣ್ಣಿಸಿದಾಗ ಹಾಕಿದ್ದು ತನ್ನ ಮೂರು ತಿಂಗಳ ಮಗನ ಫೋಟೊ. ಐದು ಸೆಂಟಿಮೀಟರಿನ ಆ ಚೌಕದಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆ. ಲೆಕ್ಕ ಹಾಕಿದರೆ ಇಂಚಿಗೆ 90 ಚುಕ್ಕೆಯೂ ಇಲ್ಲ. ನಮ್ಮ ಮನೆಯ ಅಗ್ಗದ ಯಂತ್ರ ಇಂಚಿಗೆ 600 ಚುಕ್ಕೆ ಓದುತ್ತದೆ.

ಇಂಚಿಗೆ ಇಷ್ಟು ಚುಕ್ಕೆ ಎಂಬುದನ್ನೇ ಡಿಪಿಐ ಎನ್ನುವುದು. ಹುಡುಗರು ಇಲ್ಲಿ ಒಂದು ಗುಣಾಕಾರ ಮಾಡಿ ನೋಡಬಹುದು. ನಮ್ಮ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. 300 ಡಿಪಿಐನಲ್ಲಿ 750ಕ್ಕೆ 1050, ಅಂದರೆ ಎಂಟು ಲಕ್ಷಕ್ಕೆ ಸ್ವಲ್ಪ ಕಡಿಮೆ ಚುಕ್ಕೆ. 600ಕ್ಕೆ ಏರಿಸಿದರೆ 1500ಕ್ಕೆ 2100, ಮೂವತ್ತೊಂದೂವರೆ ಲಕ್ಷ. ಡಿಪಿಐ ಎರಡರಷ್ಟಾದರೆ ಕಡತ ನಾಲ್ಕರಷ್ಟು. ಚುಕ್ಕೆಗೆ ಮೂರು ಬೈಟಿನಂತೆ ಒಂದು ಕಾರ್ಡಿನ ಒಂದು ಮಗ್ಗುಲಿಗೇ ಸುಮಾರು 9 ಎಂ.ಬಿ. ಆಗುತ್ತದೆ. ಕೆಲವು ಯಂತ್ರಗಳ ಡಬ್ಬಿಯ ಮೇಲೆ 9600, 19200 ಎಂದೆಲ್ಲ ಬರೆದಿರುತ್ತಾರೆ. ಅದರಲ್ಲಿ ಬಹುಪಾಲು ಯಂತ್ರ ಕಂಡದ್ದಲ್ಲ, ಎರಡು ಚುಕ್ಕೆಯ ನಡುವೆ ಇದ್ದಿರಬಹುದೆಂದು ಊಹಿಸಿ ತುಂಬಿದ್ದು. ಕೊಳ್ಳುವಾಗ 'ಆಪ್ಟಿಕಲ್' ಎಂಬ ಮಾತಿನ ಮುಂದೆ ಇರುವ ಸಂಖ್ಯೆಯನ್ನಷ್ಟೇ ನಂಬಬೇಕು.

300ರಲ್ಲಿ ಸ್ಕ್ಯಾನ್ ಮಾಡಿದ ಮೊದಲ ಕಾರ್ಡಿನಲ್ಲಿ ಆಟಗಾರನ ಮುಖದ ಮೇಲೆ ಅಲೆ ಅಲೆಯಾದ ಪಟ್ಟೆಗಳು ಎದ್ದವು. ಯಂತ್ರ ಕೆಟ್ಟಿದೆ ಎಂದಳು ಮಗಳು. ಕೆಟ್ಟಿರಲಿಲ್ಲ. ಅಚ್ಚಾದ ಚಿತ್ರವೇ ಬಣ್ಣದ ಸಣ್ಣ ಚುಕ್ಕೆಗಳಿಂದ ಆದದ್ದು. ಭೂತಗನ್ನಡಿ ಹಿಡಿದು ಈ ಪುರವಣಿಯ ಚಿತ್ರವನ್ನೇ ನೋಡಿ. ಆ ಚುಕ್ಕೆಗಳ ಸಾಲಿನ ಮೇಲೆ ಸ್ಕ್ಯಾನರಿನ ಚುಕ್ಕೆಗಳ ಸಾಲು ಬಿದ್ದಾಗ, ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಿದ್ದಂತೆ, ಎರಡರಲ್ಲೂ ಇಲ್ಲದ ಮೂರನೆಯ ವಿನ್ಯಾಸ ಕಾಣುತ್ತದೆ. 600ರಲ್ಲಿ ತೆಗೆದು ಆಮೇಲೆ ಚಿತ್ರವನ್ನು ಕುಗ್ಗಿಸಿದೆವು, ಪಟ್ಟೆ ಮಾಯ. ಸ್ಕ್ಯಾನರಿನ ಆಯ್ಕೆಗಳಲ್ಲಿ 'ಡಿಸ್ಕ್ರೀನ್' ಎಂಬುದೂ ಇದೆ. ಅದು ಪಟ್ಟೆಯ ಜೊತೆಗೆ ಸಣ್ಣ ಅಕ್ಷರಗಳನ್ನೂ ಮಂಕು ಮಾಡುತ್ತದೆ, ನನಗೆ ಅಷ್ಟು ಹಿಡಿಸಲಿಲ್ಲ.

ಇನ್ನು ಗಾಜು. ಬಟ್ಟೆಗೆ ನೀರು ಸೋಕಿಸಿ ಒರೆಸಬೇಕೇ ಹೊರತು ಗಾಜಿನ ಮೇಲೆ ನೀರು ಚಿಮುಕಿಸಬಾರದು, ಅಂಚಿನಿಂದ ಒಳಗಿಳಿಯುತ್ತದೆ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಬೇಕು. ಈಗಿನ ತೆಳು ಯಂತ್ರಗಳ ಕಣ್ಣು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಂಜು. ಬೆನ್ನಿಗೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಅಚ್ಚು ಮುಂದೆ ಮೂಡುವುದಿಲ್ಲ, ಸವೆದ ಮೂಲೆಗಳೂ ಎದ್ದು ಕಾಣುತ್ತವೆ.

ಇದೆಲ್ಲ ಸರಿಹೋದ ಮೇಲೆ ಜಾವಗಲ್ ಶ್ರೀನಾಥರ ಕಾರ್ಡು ಗಾಜಿನ ಮೇಲೆ ಕೂತಿತು. ಈ ಕಾರ್ಡಿನ ಬೆಲೆ ಸಾಲಿಗ್ರಾಮದ ಹುಡುಗರನ್ನು ಕೇಳಬೇಕು. ತೆಂಡೂಲ್ಕರ್ ದೇಶಕ್ಕೆಲ್ಲ ಸೇರಿದವರು, ಶ್ರೀನಾಥ್ ನಮ್ಮ ಮೈಸೂರಿನವರು. (ಅವರೂ ನಾನೂ 1969ರಲ್ಲೇ ಹುಟ್ಟಿದವರು. ಹೋಲಿಕೆ ಅಲ್ಲಿಗೇ ಮುಗಿಯಿತು.) 1996ರ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯದ ಎದುರು ಎಂಟು ವಿಕೆಟ್ ಬಿದ್ದು ಪಂದ್ಯ ಕೈಬಿಟ್ಟಿತೆಂದು ಜನ ಟಿ.ವಿ. ಆರಿಸುತ್ತಿದ್ದಾಗ, ಶ್ರೀನಾಥ್ ಮತ್ತು ಕುಂಬ್ಳೆ ಮುರಿಯದ ಜೊತೆಯಾಟದಲ್ಲಿ 52 ರನ್ ಸೇರಿಸಿ ಗೆಲ್ಲಿಸಿದರು. ದಸರಾ ರಜೆ ಮುಗಿಸಿ ಬಂದ ಹುಡುಗರಿಗೆ ಶ್ರೀನಾಥ್ ಕಾರ್ಡಿಗಿಂತ ದೊಡ್ಡ ಆಸ್ತಿ ಇರಲಿಲ್ಲ. ಡಬ್ಬದಲ್ಲಿದ್ದ ಆ ಕಟ್ಟಿನ ಚೀಟಿಯ ಮೇಲೆ ನನ್ನದೇ ಕೈಬರಹ: '8ಬಿ, ನವೆಂಬರ್ 96'.

ತೆರೆಯ ಮೇಲೆ ಬಂದ ಚಿತ್ರ ನೋಡಿ ಇಬ್ಬರೂ ಬೆರಗಾದೆವು. ಕೈಯಲ್ಲಿದ್ದ ಕಾರ್ಡು ಹಳದಿಗಟ್ಟಿದ ಮುದುಕ, ತೆರೆಯ ಮೇಲಿನದು ನಿನ್ನೆ ಅಚ್ಚಾದ ಹುಡುಗ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ. ಬೆಳಕಿಗೂ ಗಾಳಿಗೂ ಅದು ಬದಲಾಗಿ ನೀಲಿಯನ್ನು ನುಂಗತೊಡಗುವುದರಿಂದ ಕಾಗದ ಹಳದಿಯಾಗುತ್ತದೆ. ಯಂತ್ರ ತನ್ನಷ್ಟಕ್ಕೆ ತಾನೇ ಆ ಹಳದಿಯನ್ನು ತಪ್ಪೆಂದು ತಿಳಿದು ಬಿಳಿ ಮಾಡಿತ್ತು! 'ಆಟೋ ಕರೆಕ್ಷನ್' ಎಂದು ಅದರ ಹೆಸರು. ಕಾರ್ಡಿನಲ್ಲಿ ಉದ್ದಕ್ಕೆ ಒಂದು ಮಡಿಕೆಯೂ ಇತ್ತು, ಚಿತ್ರದಲ್ಲಿ ಅದೂ ಇಲ್ಲ. ರಬ್ಬರ್ ಬ್ಯಾಂಡಿನ ಕಂದುಗೆರೆ ಮಾತ್ರ ಉಳಿದಿತ್ತು. ಮಗಳು ಮೌಸಿನಿಂದ ನಾಲ್ಕು ಸಲ ಸವರಿ ಅದನ್ನೂ ಒರೆಸಿಬಿಟ್ಟಳು.

"ಇದು ಈ ಕಾರ್ಡಲ್ಲವಲ್ಲಮ್ಮ" ಎಂದೆ.

"ಎಲ್ಲರೂ ಸ್ವಲ್ಪ ಸರಿ ಮಾಡೇ ಹಾಕ್ತಾರಪ್ಪ. ಹಳೇ ಕಾರ್ಡು ಹಳೇದಾಗೇ ಇರುತ್ತೆ ಅಂತ ತಗೊಳೋರಿಗೂ ಗೊತ್ತಿರುತ್ತೆ."

ನಾನು ಇಬೇಯ ಕಥೆ ಹೇಳಿದೆ. 1995ರಲ್ಲಿ ಪಿಯರ್ ಒಮಿಡಿಯಾರ್ ಆ ತಾಣ ತೆರೆದಾಗ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಒಮಿಡಿಯಾರ್ ಕೊಂಡವನಿಗೆ ಬರೆದು, ಇದು ಕೆಟ್ಟಿರುವುದು ನಿಮಗೆ ಗೊತ್ತು ತಾನೆ ಎಂದು ಕೇಳಿದನಂತೆ. ತಾನು ಕೆಟ್ಟ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂದು ಉತ್ತರ ಬಂತಂತೆ. ಮಗಳು ನಕ್ಕಳು, ಆದರೆ ಒಪ್ಪಿದಂತೆ ಕಾಣಲಿಲ್ಲ. "ಮಡಿಕೆಯನ್ನ ನಾನು ಒರೆಸಿಲ್ಲಪ್ಪ, ಸ್ಕ್ಯಾನರೇ ತೋರಿಸ್ಲಿಲ್ಲ" ಎಂದಳು. ಆ ಮಾತು ಸರಿಯಾಗಿತ್ತು. ಏಕೆ ತೋರಿಸಲಿಲ್ಲ ಎಂಬುದು ನನಗೂ ಹುಳ ಬಿಟ್ಟಂತಾಯಿತು.

ಹುಣ್ಣಿಮೆಯ ಚಂದ್ರನನ್ನು ದೂರದರ್ಶಕದಲ್ಲಿ ನೋಡಿದವರಿಗೆ ನಿರಾಶೆಯಾಗುತ್ತದೆ. ಕುಳಿಗಳು ಸರಿಯಾಗಿ ಕಾಣುವುದೇ ಇಲ್ಲ. ಅಷ್ಟಮಿಯ ದಿನ ನೋಡಬೇಕು. ಬೆಳಕು ಓರೆಯಾಗಿ ಬೀಳುವಲ್ಲಿ ಪ್ರತಿ ಕುಳಿಗೂ ನೆರಳು. ಪ್ರತಿ ವರ್ಷ ಮಕ್ಕಳಿಗೆ ಹೇಳುವ ಪಾಠ ಇದು. ಸ್ಕ್ಯಾನರಿನ ದೀಪವೂ ಕಾರ್ಡಿನ ಮೇಲೆ ಒಂದೇ ಪಕ್ಕದಿಂದ ಓರೆಯಾಗಿ ಬೀಳುತ್ತದೆ. ದೀಪದ ಪಟ್ಟಿಗೆ ಸಮಾನಾಂತರವಾಗಿರುವ ಮಡಿಕೆಗೆ ನೆರಳುಂಟು. ದೀಪ ಸಾಗುವ ದಿಕ್ಕಿನಲ್ಲೇ ಮಲಗಿರುವ ಮಡಿಕೆಗೆ ಇಲ್ಲ. ಕಾರ್ಡನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಆಟೋ ಕರೆಕ್ಷನ್ ತೆಗೆದು, ಮತ್ತೆ ಸ್ಕ್ಯಾನ್ ಮಾಡಿಸಿದೆ. ಮಡಿಕೆ ಹೊಲದ ಬದುವಿನ ಹಾಗೆ ಎದ್ದು ನಿಂತಿತು. ಹಳದಿಯೂ ಬಂತು.

ಹಿಂಬದಿಯನ್ನೂ ಹಾಗೆಯೇ ಅಡ್ಡ ಇಟ್ಟೆವು. ಮೊದಲ ಸಲ ಗೀಚಿದಂತೆ ಮಸುಕಾಗಿದ್ದ ಗೆರೆಗಳು ಈಗ ಅಕ್ಷರಗಳಾದವು. ಶಾಯಿ ಇಲ್ಲ, ಒತ್ತು ಮಾತ್ರ. ಕೆಳಗಿನ ಮೂಲೆಯಲ್ಲಿ '23'.

ನನಗೆ ತಕ್ಷಣ ಹೊಳೆಯಿತು. ಎಲ್ಲರ ಕೈಯಲ್ಲೂ ಒಂದೇ ಥರದ ಕಾರ್ಡು. ನಾಳೆ ಜಗಳವಾದರೆ ತನ್ನದೆಂದು ಸಾಬೀತು ಮಾಡುವುದು ಹೇಗೆ? ಶಾಯಿ ತೀರಿದ ರೀಫಿಲ್ಲಿನಿಂದ ಹಾಜರಿ ನಂಬರನ್ನು ಒತ್ತಿ ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರಿಗೆ ಕಾಣದ ಹಾಗೆ. ಆ ಕಟ್ಟಿನಲ್ಲಿದ್ದ ಹದಿನೇಳು ಕಾರ್ಡುಗಳನ್ನೂ ಅಡ್ಡಡ್ಡ ಇಟ್ಟು ನೋಡಿದೆವು. ಆರರಲ್ಲಿ ನಂಬರುಗಳಿದ್ದವು. ಮಗಳು ಮೌಸು ಬಿಟ್ಟು ನನ್ನ ಮುಖ ನೋಡಿದಳು. "ಅಪ್ಪಾ, ಇವು ಯಾರದು?"

ಅಷ್ಟು ಹೊತ್ತು ಕೊಳ್ಳುವವನಿಗೆ ಮೋಸವಾಗಬಾರದು ಎಂದು ಅವಳಿಗೆ ಪಾಠ ಹೇಳುತ್ತಿದ್ದವನು ನಾನು.

ಅಂಕಪಟ್ಟಿಯ ಪುಸ್ತಕ ಅದೇ ಟ್ರಂಕಿನಲ್ಲಿತ್ತು. 1996-97, ಎಂಟನೆಯ ಬಿ ವಿಭಾಗ, 23ನೆಯ ಸಾಲು. ವಿಜ್ಞಾನದಲ್ಲಿ ಐವತ್ತಕ್ಕೆ ಹತ್ತೊಂಬತ್ತು. ಹೆಸರು ನೋಡಿದರೆ, ನಾನು ವಾರಕ್ಕೆರಡು ಸಲ ದಾಟಿ ಹೋಗುವ ಮೋಟಾರು ವೈಂಡಿಂಗ್ ಅಂಗಡಿಯವನು. ನಮ್ಮ ಬಾವಿಯ ಪಂಪ್‌ಸೆಟ್ಟು ಸುಟ್ಟಾಗ ಸುತ್ತಿಕೊಟ್ಟವನೂ ಅವನೇ.

ಮರುದಿನ ಹೋದೆ. "ಬನ್ನಿ ಸಾ, ಕೂತ್ಕಳಿ" ಎಂದು ಸ್ಟೂಲು ಒರೆಸಿ ಕೊಟ್ಟ. ಕಾರ್ಡನ್ನು ಅವನ ಕೈಗಿಟ್ಟೆ. ಮುಂಬದಿಯನ್ನು ಅವನು ನೋಡಲೇ ಇಲ್ಲ. ಹಿಂದೆ ತಿರುಗಿಸಿ, ಬಾಗಿಲಿನ ಬೆಳಕಿಗೆ ಓರೆ ಹಿಡಿದು, ಕೆಳಗಿನ ಮೂಲೆಯನ್ನು ನೋಡಿದ. ನಾವು ಯಂತ್ರ ಇಟ್ಟುಕೊಂಡು ಅರ್ಧ ದಿನ ಹೆಣಗಿ ಕಂಡುಕೊಂಡದ್ದು ಅವನ ಕೈಗೆ ಮರೆತಿರಲಿಲ್ಲ.

"ನಿಂದು ತಾನೆ?"

"ನಂಬರು ನಂದು ಸಾ. ಕಾರ್ಡು ನಂದಲ್ಲ, ನಮ್ಮಣ್ಣಂದು" ಎಂದು ನಕ್ಕ. ಆಮೇಲೆ ನಗು ನಿಂತಿತು. ಅಣ್ಣನ ಪೆಟ್ಟಿಗೆಯಿಂದ ಕದ್ದು ತಂದು ತನ್ನ ನಂಬರು ಒತ್ತಿಕೊಂಡಿದ್ದ. ಅದೇ ದಿನ ನಾನು ಕಿತ್ತುಕೊಂಡೆ. ಅಪ್ಪನನ್ನು ಕರೆದುಕೊಂಡು ಬಾ ಎಂದೆ. ಅಪ್ಪನಿಗೆ ಹೇಳಿದರೆ ಕದ್ದದ್ದು ಹೊರಬೀಳುತ್ತದೆ, ಸುಮ್ಮನಾದ. ಮನೆಯಲ್ಲಿ ಕಾರ್ಡು ಕಾಣದೆ ಅಣ್ಣ ಹುಡುಕಿದ. ಒಲೆಗೆ ಹಾಕಿರಬೇಕೆಂದು ತಂಗಿಯ ಮೇಲೆ ಅನುಮಾನ ಬಂತು. "ತಂಗೀಗೆ ಹೊಡೆದ ಸಾ. ಅವಳು ನಾನಲ್ಲ, ನಾನಲ್ಲ ಅಂತಾನೇ ಇದ್ಲು. ನಾನು ಅಲ್ಲೇ ನಿಂತಿದ್ದೆ."

ನಾನು ಏನು ಹೇಳಬೇಕಿತ್ತೋ ಗೊತ್ತಾಗಲಿಲ್ಲ. "ಆ ವರ್ಷವೇ ಕೊಟ್ಟುಬಿಡಬೇಕಿತ್ತು ಕಣಯ್ಯಾ, ನಂದೇ ತಪ್ಪು" ಎಂದೆ. "ಬಿಡಿ ಸಾ" ಎಂದು ಚಹಾ ತರಿಸಿದ.

ಉಳಿದ ಕಾರ್ಡುಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಎಲ್ಲದರ ಚಿತ್ರವನ್ನೂ ಹಿಂದುಮುಂದು ಕಳುಹಿಸಿದೆವು. ಇಬ್ಬರು ಬಂದು ತೆಗೆದುಕೊಂಡು ಹೋದರು, ಹಲವರು "ನೀವೇ ಇಟ್ಕೊಳ್ಳಿ ಸಾರ್" ಎಂದು ನಗುವ ಮುಖ ಹಾಕಿದರು. ಡಬ್ಬದಲ್ಲಿ ಒಂದು ಕಟ್ಟು ಮಾತ್ರ ನಿಜಕ್ಕೂ ನನ್ನದು. 1996ರ ವಿಶ್ವಕಪ್ಪಿನ ಹೊತ್ತಿಗೆ, ಮೇಷ್ಟ್ರೆಂಬುದನ್ನು ಮರೆತು, ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದೆ. ಅದನ್ನೇ ಮಗಳು ಹರಾಜಿಗೆ ಹಾಕಿದಳು. ಪ್ರತಿ ಕಾರ್ಡಿಗೂ ಮುಂದೆ ಒಂದು, ಹಿಂದೆ ಒಂದು, ಅಡ್ಡ ಇಟ್ಟು ಒಂದು. ಪಕ್ಕದಲ್ಲಿ ಸ್ಕೇಲು, ಬಣ್ಣ ಗೊತ್ತಾಗಲೆಂದು ಒಂದು ಬಿಳಿ ಕಾಗದದ ತುಂಡು. ಮೂಲಪ್ರತಿಯನ್ನು ಟಿಫ್ ಆಗಿ ಉಳಿಸಿ, ಕಳುಹಿಸಲು ಮಾತ್ರ ಜೆಪೆಗ್, ಯಾಕೆಂದರೆ ಜೆಪೆಗ್ ತಿದ್ದಿ ತಿದ್ದಿ ಉಳಿಸಿದಷ್ಟೂ ಸವೆಯುತ್ತದೆ. ಬಂದ ಬೆಲೆ ಅವಳು ಎಣಿಸಿದ್ದಕ್ಕಿಂತ ಕಡಿಮೆ. ಕೊಂಡವರಿಂದ ದೂರು ಬರಲಿಲ್ಲ.

ಪೋಷಕರಿಗೆ ಒಂದು ಮಾತು ಇಲ್ಲಿ ಸೇರಿಸಬೇಕು. ಮೈಸೂರು ಕಡೆಯ ಹಳೆಯ ಮನೆಗಳಲ್ಲಿ ಅಜ್ಜ ಅಜ್ಜಿಯರ ಕಾಲದ ಗಂಜೀಫಾ ಎಲೆಗಳಿದ್ದರೆ, ದಯವಿಟ್ಟು ಅವನ್ನು ಸ್ಕ್ಯಾನರಿಗೆ ಹಾಕಬೇಡಿ. ಅವು ಅಚ್ಚಾದವಲ್ಲ, ಕೈಯಲ್ಲಿ ಬಣ್ಣ ಹಚ್ಚಿ ಮೆರುಗು ಕೊಟ್ಟವು. ಮುಚ್ಚಳದ ಒತ್ತಡಕ್ಕೆ ಬಣ್ಣದ ಚಕ್ಕೆ ಏಳುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ಕಟ್ಟಿದವರು. ಅವರ ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳು. ದಶಾವತಾರದ ಆಟದಲ್ಲಿ ಅವತಾರಕ್ಕೆ ಹನ್ನೆರಡರಂತೆ 120. ಮಕ್ಕಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಕರೆದೊಯ್ದಾಗ ಗಂಜೀಫಾ ಇರುವ ಗಾಜಿನ ಪೆಟ್ಟಿಗೆಯ ಮುಂದೆ ಸ್ವಲ್ಪ ನಿಲ್ಲಿಸಿ. ಮನೆಯಲ್ಲಿ ಇರುವುದನ್ನು ದಾಖಲಿಸಬೇಕಾದರೆ ಕ್ಯಾಮೆರಾವನ್ನು ನೇರ ಮೇಲೆ ನಿಲ್ಲಿಸಿ, ಎರಡು ಪಕ್ಕದಿಂದ ನಲವತ್ತೈದು ಡಿಗ್ರಿಯಲ್ಲಿ ಬೆಳಕು ಕೊಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ.

ಅಂಗಡಿಗೆ ಹೋಗಿ ಬಂದ ಎರಡು ದಿನಕ್ಕೆ ಆತ ತಾನೇ ನಮ್ಮ ಮನೆಗೆ ಬಂದ. ಕಾರ್ಡನ್ನು ಹಳೆಯ ಪಾಸ್‌ಬುಕ್ಕಿನ ನಡುವೆ ಇಟ್ಟುಕೊಂಡು ತಂದಿದ್ದ. ಅಣ್ಣನಿಗೆ ಕೊಡುತ್ತಾನಂತೆ. ಕೊಡುವ ಮೊದಲು ಅದರ ಚಿತ್ರ ಬೇಕಿತ್ತು. "ತಂಗಿ ಹುಣಸೂರಲ್ಲಿ ಅವಳೆ ಸಾ. ಅವಳಿಗೆ ಕಳಿಸ್ಬೇಕು. ಮೊಬೈಲಲ್ಲಿ ತೆಗೆದ್ರೆ ನಂಬರು ಬೀಳ್ತಿಲ್ಲ."

ಮಗಳು ಗಾಜು ಒರೆಸಿ ಕಪ್ಪು ಕಾಗದ ತಂದಳು. ಕಾರ್ಡನ್ನು ಬೋರಲು ಹಿಡಿದುಕೊಂಡು, "ಹೇಗೆ ಇಡಲಪ್ಪ?" ಎಂದು ಕೇಳಿದಳು.

"ಅಡ್ಡ ಇಡು" ಎಂದೆ.